ಕ್ಷುದ್ರಗ್ರಹಗಳು ಬಾಲ ಬಿಚ್ಚಿದಾಗ

[ಕಪ್ಪು ತೆರೆ. ನಡುವೆ ಒಂದು ಚುಕ್ಕಿ. ಅದರ ಹಿಂದೆ ಕೂದಲೆಳೆಯಂಥ ಗೆರೆ.]

ನಮಸ್ಕಾರ. ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಇದು: ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕ್ಷುದ್ರಗ್ರಹಕ್ಕೂ ಬಾಲ ಮೂಡುತ್ತದಂತೆ, ಹಾಗಾದರೆ ಅದು ದಾರಿ ತಪ್ಪಿ ಬಂದ ಧೂಮಕೇತುವೇ?

ಬಾಲ ಬಿಚ್ಚುವುದು ಎಂದರೆ ಏನೆಂದು ಕನ್ನಡಿಗರಿಗೆ ಹೇಳಬೇಕಿಲ್ಲ. ತೆರೆಯ ಮೇಲಿರುವ ಈ ಮಹಾಶಯ ಮಾಡಿದ್ದೂ ಅದನ್ನೇ. 1979ರಲ್ಲಿ ಕಣ್ಣಿಗೆ ಬಿದ್ದಾಗ ತೀರಾ ಸಾಧು ಕ್ಷುದ್ರಗ್ರಹ. 1996ರಲ್ಲಿ ಖಗೋಳವೀಕ್ಷಕರಾದ ಎರಿಕ್ ಎಲ್ಸ್ಟ್ ಮತ್ತು ಗಿಡೊ ಪಿಜಾರೊ ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದ ಚಿತ್ರಗಳಲ್ಲಿ ನೋಡಿದರೆ, ನೀಳವಾದ ಬಾಲ! ಈಗ ಅದರ ಹೆಸರು 133ಪಿ/ಎಲ್ಸ್ಟ್–ಪಿಜಾರೊ.

ಮೂಲಪಾಠ ಬೇಗ ಮುಗಿಸುತ್ತೇನೆ. ಧೂಮಕೇತುವಿನ ಮಂಜುಗಡ್ಡೆ ಬಿಸಿಲಿಗೆ ನೇರವಾಗಿ ಆವಿಯಾಗಿ ದೂಳೆಬ್ಬಿಸುತ್ತದೆ, ಅದೇ ಬಾಲ. ಕ್ಷುದ್ರಗ್ರಹ ಬರೀ ಒಣಕಲ್ಲು ಎಂಬುದು ಶಾಲೆಯಲ್ಲಿ ಕಲಿತ ಮಾತು.

ಯಾವುದೋ ಕಲ್ಲು ಬಡಿದು ದೂಳೆದ್ದಿರಬಹುದಲ್ಲ? ಇರಬಹುದಿತ್ತು. ಆದರೆ 133ಪಿ ಸೂರ್ಯನನ್ನು ಸುತ್ತಲು ಐದೂವರೆ ವರ್ಷಕ್ಕೆ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ಒಂದು ಸುತ್ತು ಮುಗಿದ ಮೇಲೆ, 2002ರಲ್ಲಿ, ಹೆನ್ರಿ ಶೇ ಮತ್ತು ಡೇವಿಡ್ ಜೂಯಿಟ್ ಹವಾಯಿಯಿಂದ ನೋಡಿದಾಗ ಬಾಲ ಮತ್ತೆ ಹಾಜರು. 2007ರಲ್ಲಿ ಇನ್ನೊಮ್ಮೆ. ಡಿಕ್ಕಿಗೆ ವೇಳಾಪಟ್ಟಿ ಎಲ್ಲಿಂದ ಬರಬೇಕು? ಸೂರ್ಯನಿಗೆ ಹತ್ತಿರವಾದಾಗಲೆಲ್ಲ ಆವಿಯಾಗುವ ಮಂಜುಗಡ್ಡೆಗಾದರೆ ಅದು ಸಹಜ.

ಹಾಗೆಂದು ಬಾಲ ಕಂಡಲ್ಲೆಲ್ಲ ನೀರು ಹುಡುಕಬೇಡಿ. ನನ್ನ ಅಚ್ಚುಮೆಚ್ಚಿನ ಕಲ್ಲನ್ನು ಇಲ್ಲಿ ತೋರಿಸಲೇಬೇಕು: 311ಪಿ. 2013ರ ಸೆಪ್ಟೆಂಬರಿನಲ್ಲಿ ಹಬಲ್ ದೂರದರ್ಶಕ ಇದನ್ನು ನೋಡಿದಾಗ ಕಂಡದ್ದು ಆರು ಬಾಲ.

[ಚಿತ್ರ: ಬೀಸಣಿಗೆಯಂತೆ ಹರಡಿದ ಆರು ಗೆರೆಗಳು. ಅವಸರ ಬೇಡ, ಇಲ್ಲೇ ನಿಲ್ಲಿಸಿ.]

ಬೆಳಕಿನ ಒತ್ತಡ ನವಿರು ಕಣಗಳನ್ನು ದೂರ ತಳ್ಳುತ್ತದೆ; ದಪ್ಪ ಕಣಗಳು ಹತ್ತಿರವೇ ಉಳಿಯುತ್ತವೆ. ಹೀಗಾಗಿ ಒಂದೇ ದಿನ ಹೊರಬಿದ್ದ ದೂಳೆಲ್ಲ ಒಂದೇ ಗೆರೆಯಲ್ಲಿ ಸಾಲುಗಟ್ಟುತ್ತದೆ. ಆ ಗೆರೆ ಯಾವ ದಿಕ್ಕಿಗೆ ಚಾಚಿದೆ ಎಂದು ಅಳೆದರೆ ದೂಳೆದ್ದ ದಿನ ಸಿಗುತ್ತದೆ. ಜೂಯಿಟ್ ತಂಡ ಲೆಕ್ಕ ಹಾಕಿತು: ಏಪ್ರಿಲ್ 15, ಜುಲೈ 18, ಜುಲೈ 24, ಆಗಸ್ಟ್ 8, ಆಗಸ್ಟ್ 26, ಸೆಪ್ಟೆಂಬರ್ 4. ಆರು ಬಾಲ, ಆರು ತಾರೀಖು! ಕೋಟ್ಯಂತರ ಕಿಲೋಮೀಟರ್ ಆಚೆ ಒಂದು ಸಣ್ಣ ಕಲ್ಲು ತನ್ನ ದಿನಚರಿಯನ್ನು ದೂಳಿನಲ್ಲಿ ಬರೆದಿಟ್ಟಿದೆ. ನಾನು ಡೈರಿ ಬರೆಯಲು ಹೊರಟರೆ ಜನವರಿ ಮೂರು ದಾಟುವುದಿಲ್ಲ.

ಒಂದೇ ಡಿಕ್ಕಿಯಾಗಿದ್ದರೆ ಒಂದೇ ತಾರೀಖು ಇರಬೇಕಿತ್ತು. ಇಲ್ಲಿ ದೂಳು ಕಂತು ಕಂತಾಗಿ ಉದುರಿದೆ. ಬಿಸಿಲಿನ ಮೇಲೆ ಅನುಮಾನ. ಓರೆಕೋರೆ ಕಲ್ಲು ಹೀರಿದ ಶಾಖವನ್ನು ಹೊರಸೂಸುವಾಗ ಅದಕ್ಕೆ ಅತಿಸಣ್ಣ ತಿರುಪು ಬೀಳುತ್ತದೆ. ಲಕ್ಷಾಂತರ ವರ್ಷ ಹೀಗೆ ನಡೆದರೆ ಕಲ್ಲು ಬುಗುರಿಯಾಗುತ್ತದೆ; ಮೈಮೇಲಿನ ದೂಳನ್ನು ಹಿಡಿದಿಟ್ಟುಕೊಳ್ಳಲು ಅದರ ಗುರುತ್ವ ಸಾಲದಾಗುತ್ತದೆ.

ಇದರಲ್ಲೇ ಹೊತ್ತು ಕಳೆದೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಬಾಲದಲ್ಲಲ್ಲ, ಬಳಗದಲ್ಲಿ. 1918ರಲ್ಲಿ ಜಪಾನಿನ ಕಿಯೊತ್ಸುಗು ಹಿರಾಯಾಮ ಕೆಲವು ಕ್ಷುದ್ರಗ್ರಹಗಳ ಕಕ್ಷೆಗಳು ಒಂದನ್ನೊಂದು ಹೋಲುವುದನ್ನು ಗುರುತಿಸಿದರು. ಒಂದೇ ದೊಡ್ಡ ಕಾಯ ಒಡೆದು ಹುಟ್ಟಿದ ಚೂರುಗಳವು. ಅಂಥ ಥೆಮಿಸ್ ಕುಟುಂಬಕ್ಕೆ ಸೇರಿದವು 133ಪಿ ಮತ್ತು ಅದರಂತೆಯೇ ಬಾಲ ಬಿಚ್ಚಿದ 176ಪಿ, 288ಪಿ. ದಾರಿ ತಪ್ಪಿ ಬಂದ ನೆಂಟರಲ್ಲ, ಮನೆಯ ಮಕ್ಕಳೇ.

ತೊಡಕೊಂದಿದೆ. ಥೆಮಿಸ್ ಕುಟುಂಬ ನೂರಾರು ಕೋಟಿ ವರ್ಷ ಹಳೆಯದು. ಮೇಲ್ಪದರದ ಮಂಜು ಎಂದೋ ಆರಿಹೋಗಿರಬೇಕು. ಹಾಗಾದರೆ ಬಾಲ ಎಲ್ಲಿಂದ? ಪಾಲಾದ ಮನೆ ಮತ್ತೆ ಪಾಲಾಗಿದೆ! 133ಪಿ ಬೀಗಲ್ ಎಂಬ ಒಳಗುಂಪಿನದು ಎಂದು ತೋರುತ್ತದೆ. ಅದರ ವಯಸ್ಸು ಒಂದು ಕೋಟಿ ವರ್ಷಕ್ಕಿಂತ ಕಡಿಮೆ. 288ಪಿಯ ಒಳಗುಂಪಿನದು ಸುಮಾರು 75 ಲಕ್ಷ. ಹೊಸದಾಗಿ ಒಡೆದ ಚೂರಿನಲ್ಲಿ ಒಳಗಿನ ಮಂಜು ಮೇಲಕ್ಕೆ ಬಂದಿರುತ್ತದೆ. ಆಮೇಲೆ ಅದು ಬಿಸಿಲಿಗೆ ಬಯಲಾಗಲು ಒಂದು ಸಣ್ಣ ಪೆಟ್ಟು ಸಾಕು.

ಉಳಿದ ಕ್ಷುದ್ರಗ್ರಹಗಳು ಒಂದೇ ಉಸಿರಿನಲ್ಲಿ: 2010ರ ಕೊನೆಯಲ್ಲಿ ಶೈಲಾ ಎಂಬುದು ದೂಳೆಬ್ಬಿಸಿದ್ದು ನಿಜವಾದ ಡಿಕ್ಕಿಯಿಂದ. 2022ರಲ್ಲಿ ಡಿಮಾರ್ಫಸ್‌ಗೆ ಬಾಲ ಬರಿಸಿದವರು ನಾವೇ, ಡಾರ್ಟ್ ನೌಕೆಯಿಂದ ಗುದ್ದಿ. ಬೆನ್ನು ಎಂಬ ಕ್ಷುದ್ರಗ್ರಹ 2019ರಲ್ಲಿ ಕಲ್ಲುಚೂರು ಚಿಮ್ಮಿಸಿತು. ಅದಕ್ಕೊಂದು ಬೇರೆ ವಿಡಿಯೋ ಬೇಕು.

ಕೊನೆಗೆ ಬಾಲ ಬಿಚ್ಚಿದ ಇನ್ನೊಂದು ಕಲ್ಲು, 238ಪಿ. ಜೇಮ್ಸ್ ವೆಬ್ ದೂರದರ್ಶಕ ಅದರ ಸುತ್ತ ನೀರಾವಿಯನ್ನು ಪತ್ತೆಹಚ್ಚಿದ ಸುದ್ದಿ 2023ರಲ್ಲಿ ಬಂತು. ಆದರೆ ಧೂಮಕೇತುಗಳಲ್ಲಿ ಸಾಮಾನ್ಯವಾಗಿ ಸಿಗುವ ಕಾರ್ಬನ್ ಡೈಆಕ್ಸೈಡ್ ಅಲ್ಲಿ ಕಾಣಲಿಲ್ಲ. ಅದು ಹುಟ್ಟಿದ್ದೇ ತುಸು ಬೆಚ್ಚಗಿನ ಜಾಗದಲ್ಲಿರಬಹುದು; ಇಲ್ಲವೇ ಇದ್ದ ಅನಿಲ ಕಾಲಾಂತರದಲ್ಲಿ ಸೋರಿಹೋಗಿರಬಹುದು. ಎರಡನೆಯದೇ ನಿಜವಾದರೆ, ಈ ಮಕ್ಕಳ ಮುತ್ತಜ್ಜ ಸೌರವ್ಯೂಹ ಎಳೆಯದಾಗಿದ್ದಾಗ ಅದರ ಹೊರವಲಯದ ಚಳಿಯಿಂದ ವಲಸೆ ಬಂದವನೇ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಬೇಕಾಗುತ್ತದೆ.