ಒಂದು ಶೀಟ್ ಮಾತ್ರೆಯ ಹಿಂದೆ ತುಮಕೂರು ಸುತ್ತಾಟ

ಕ್ಯಾಮೆರಾ ಅಲುಗಾಡುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ. ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ಕೈ ನೆಟ್ಟಗಿಟ್ಟುಕೊಂಡು ನಡೆಯುವುದು ಯಾರಿಂದಲೂ ಆಗದ ಕೆಲಸ. ಮುಂದೆ ಹೋಗುತ್ತಿರುವ ನೀಲಿ ಅಂಗಿಯವನು ನನ್ನ ಚಿಕ್ಕಪ್ಪನ ಮಗ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಸ್ಟಾರ್ಟಪ್ ಕಟ್ಟುತ್ತೇನೆ ಎನ್ನುತ್ತಿದ್ದಾನೆ. ಕೆಲಸ ಬಿಟ್ಟ ವಿಷಯ ಚಿಕ್ಕಪ್ಪನಿಗೆ ಇನ್ನೂ ಗೊತ್ತಿಲ್ಲ. ಅವರು ನನ್ನ ವಿಡಿಯೊ ನೋಡುವುದಿಲ್ಲ, ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಅವನ ಯೋಚನೆ ಇಷ್ಟೇ: ವೈದ್ಯರ ಚೀಟಿಯ ಫೋಟೊ ತೆಗೆದರೆ, ಆ ಮಾತ್ರೆ ಯಾವ ಅಂಗಡಿಯಲ್ಲಿ ಅಗ್ಗ ಎಂದು ಆ್ಯಪ್ ತೋರಿಸಬೇಕು. ಅಮೆರಿಕದಲ್ಲಿ 2011ರಲ್ಲಿ ಶುರುವಾದ ಗುಡ್‌ಆರ್‌ಎಕ್ಸ್ ಇದನ್ನೇ ಮಾಡಿ ದೊಡ್ಡ ಕಂಪನಿಯಾಯಿತು. ಅಲ್ಲಿ ಒಂದೇ ಮಾತ್ರೆಗೆ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಎರಡು ಬೆಲೆ ಇರುತ್ತದೆ.

ನಮ್ಮಲ್ಲಿ? ಮುಂದಿನ ದೃಶ್ಯಕ್ಕೆ ನನ್ನ ಮಾತೇ ಬೇಡ, ಇವನ ಮುಖ ನೋಡಿ ಸಾಕು. ಟೌನ್‌ಹಾಲ್ ವೃತ್ತದ ಆಚೆಗೊಂದು ಮೆಡಿಕಲ್ ಸ್ಟೋರ್, ಈಚೆಗೊಂದು. ಅದೇ ಕಂಪನಿ, ಅದೇ ಮಾತ್ರೆ, ಶೀಟಿನ ಮೇಲೆ ಅಚ್ಚಾಗಿರುವ ಎಂಆರ್‌ಪಿಯೂ ಅದೇ. ಒಬ್ಬರು ಶೇಕಡ 10ರಷ್ಟು ರಿಯಾಯಿತಿ ಕೊಡುತ್ತಾರೆ, ಇನ್ನೊಬ್ಬರು ಕೊಡುವುದಿಲ್ಲ. ಅಷ್ಟಕ್ಕೆ ಆ್ಯಪ್ ಯಾಕೆ ಬೇಕು? ಬೋರ್ಡ್ ಓದಿದರೆ ಸಾಕು. ಈ ಉದ್ಯಮ ನಡೆಯುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟೆ.

ಅಂದಹಾಗೆ, ಬಿ.ಎಚ್. ಎಂದರೆ ಬೆಂಗಳೂರು–ಹೊನ್ನಾವರ. ಈ ರಸ್ತೆ ಹೀಗೇ ಹಿಡಿದರೆ ಸಮುದ್ರ ಸಿಗುತ್ತದೆ. ಈ ಟ್ರಾಫಿಕ್‌ನಲ್ಲಿ ಸದ್ಯ ಪಕ್ಕದೂರು ಗುಬ್ಬಿ ಸಿಕ್ಕಿದರೂ ದೊಡ್ಡದು. ಇರಲಿ, ಅಂಗಡಿಗೆ ವಾಪಸು ಬರೋಣ.

ಇಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಮ್ಮನಿಗೆ ಬಿಪಿಗೆ ಟೆಲ್ಮಿಸಾರ್ಟಾನ್ 40 ಬರೆದಿದ್ದಾರೆ. ಹತ್ತು ದಿನ ನುಂಗಿ ಬನ್ನಿ, ಆಮೇಲೆ ಪ್ರಮಾಣ ಬದಲಿಸಬೇಕೋ ಏನೋ ನೋಡೋಣ ಎಂದಿದ್ದಾರೆ. ಅಂದರೆ ಬೇಕಾದದ್ದು ಹತ್ತು ಮಾತ್ರೆ. ಶೀಟಿನಲ್ಲಿ ಇರುವುದು ಹದಿನೈದು. "ಹತ್ತು ಕೊಡಿ" ಎಂದರೆ ಅಂಗಡಿಯವರು, "ಕತ್ತರಿಸಿ ಕೊಡುವುದಿಲ್ಲಮ್ಮ, ಉಳಿದದ್ದನ್ನು ಯಾರು ತೆಗೆದುಕೊಳ್ಳುತ್ತಾರೆ?" ಎಂದರು. ಅವರ ಮಾತಿನಲ್ಲೂ ನ್ಯಾಯ ಇಲ್ಲದಿಲ್ಲ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಶೀಟಿನ ಒಂದು ಮೂಲೆಯಲ್ಲಿ ಮಾತ್ರ ಇರುತ್ತವೆ; ಆ ಮೂಲೆ ಒಬ್ಬರ ಮನೆಗೆ ಹೋದರೆ ಉಳಿದ ತುಂಡಿಗೆ ಗುರುತೇ ಇಲ್ಲ. ಹಾಗಿದ್ದರೆ ಪ್ರತಿ ಗುಳಿಗೆಯ ಹಿಂದೆಯೂ ಅಚ್ಚು ಹಾಕಲು ಕಂಪನಿಗೇನು ಕಷ್ಟ? ನಮ್ಮ ಮನೆಯ ಫ್ರಿಜ್ ಮೇಲಿನ ಡಬ್ಬಿಯಲ್ಲಿ ಹೀಗೆ ಉಳಿದ ಮಾತ್ರೆಗಳೇ ತುಂಬಿವೆ. ದುಡ್ಡು ಕೊಟ್ಟು ಕೊಂಡದ್ದು, ಎಸೆಯಲು ಅಮ್ಮನಿಗೆ ಮನಸ್ಸಿಲ್ಲ, ನುಂಗುವಂತೆಯೂ ಇಲ್ಲ.

ನಮ್ಮ ಗೋಳು ನೋಡಿ ಅವರೇ ಇನ್ನೊಂದು ಕಂಪನಿಯ ಶೀಟ್ ತೋರಿಸಿದರು. ಹತ್ತು ಮಾತ್ರೆ, 69 ರೂಪಾಯಿ. ಮೊದಲಿನದು 93. ಅಮ್ಮ ಇದ್ದಿದ್ದರೆ 69ರದ್ದನ್ನೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಭಾಗಿಸಿ ನೋಡಿದರೆ 93ರದ್ದು ಮಾತ್ರೆಗೆ 6 ರೂಪಾಯಿ 20 ಪೈಸೆ, 69ರದ್ದು 6 ರೂಪಾಯಿ 90 ಪೈಸೆ. ಹತ್ತೇ ಸಾಕಾದವರಿಗೆ ಎರಡನೆಯದು, ತಿಂಗಳುಗಟ್ಟಲೆ ನುಂಗುವವರಿಗೆ ಮೊದಲನೆಯದು. ಕೌಂಟರ್ ಮುಂದೆ ಹಿಂದಿನವರು ಬೆನ್ನು ತಳ್ಳುತ್ತಿರುವಾಗ ಈ ಲೆಕ್ಕ ಯಾರು ಮಾಡುತ್ತಾರೆ? ಇಷ್ಟು ಹೊತ್ತಿಗೆ ನನ್ನ ಅಭಿಪ್ರಾಯ ಬದಲಾಗಿತ್ತು. ಆ್ಯಪ್ ಬೇಕು. ಆದರೆ ಹೋಲಿಸಬೇಕಾದದ್ದು ಅಂಗಡಿಗಳನ್ನಲ್ಲ, ಒಂದೇ ಔಷಧದ ಬೇರೆ ಬೇರೆ ಕಂಪನಿಗಳನ್ನು. ಅದೂ ಮಾತ್ರೆ ಲೆಕ್ಕದಲ್ಲಿ.

ಇದು ಜನೌಷಧಿ ಕೇಂದ್ರ, ಸರ್ಕಾರದ ಯೋಜನೆಯಲ್ಲಿ ಅಗ್ಗದ ಔಷಧ ಮಾರುವ ಅಂಗಡಿ. ಒಳಗೆ ಚಿತ್ರೀಕರಣ ಬೇಡ ಎಂದರು, ಹಾಗಾಗಿ ಬಾಗಿಲು ಮಾತ್ರ ನೋಡಿ. ಅದೇ ಟೆಲ್ಮಿಸಾರ್ಟಾನ್ 40, ಹತ್ತು ಮಾತ್ರೆಗೆ 12 ರೂಪಾಯಿ. ಹನ್ನೆರಡು! ಹಾಗಾದರೆ ಸರ್ಕಾರ ಬೆಲೆಗೆ ಮಿತಿ ಹಾಕಿಲ್ಲವೇ ಎಂದು ನೀವು ಕೇಳಬಹುದು. ಹಾಕಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಮಾರುಕಟ್ಟೆಯಲ್ಲಿ ಶೇಕಡ 1ರಷ್ಟಾದರೂ ಪಾಲಿರುವ ಕಂಪನಿಗಳ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಪಾಲೆಂದು ಶೇಕಡ 16 ಸೇರಿಸುತ್ತಾರೆ. ಮಾತ್ರೆ ಮಾಡಲು ಎಷ್ಟು ಖರ್ಚಾಯಿತು ಎಂಬುದು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಏರಿಸಿದವರ ಸರಾಸರಿಯನ್ನೇ ಮಿತಿ ಎಂದು ಕರೆದರೆ ಹೀಗೇ ಆಗುತ್ತದೆ. ಅಗತ್ಯ ಔಷಧಗಳ ಪಟ್ಟಿಯ ಹೊರಗಿರುವುದಕ್ಕೆ ಆ ಮಿತಿಯೂ ಇಲ್ಲ, ವರ್ಷಕ್ಕೆ ಶೇಕಡ 10ರವರೆಗೆ ಏರಿಸಿಕೊಳ್ಳಬಹುದು.

ಬೆಲೆ ನೋಡಲು ಸರ್ಕಾರದ್ದೇ ಫಾರ್ಮಾ ಸಹಿ ದಾಮ್ ಎಂಬ ಆ್ಯಪ್ ಇದೆ. "ಹಾಗಾದರೆ ನಿನ್ನದು ಯಾಕೆ?" ಎಂದು ಕೇಳಿದೆ. "ಅಕ್ಕ, ಅದರಲ್ಲಿ ಹುಡುಕಲು ಇಂಗ್ಲಿಷ್ ಕಾಗುಣಿತ ಸರಿಯಾಗಿ ಗೊತ್ತಿರಬೇಕು. ದೊಡ್ಡಮ್ಮ ಟೈಪ್ ಮಾಡುತ್ತಾರಾ?" ಎಂದ. ಮಾಡುವುದಿಲ್ಲ. ಒಪ್ಪಿದೆ.

ಆದರೆ ನಿಜವಾದ ಗಂಟು ಬೇರೆ ಕಡೆ ಇದೆ. ಚೀಟಿಯಲ್ಲಿ ಒಂದು ಬ್ರ್ಯಾಂಡ್ ಬರೆದಿದ್ದರೆ, ಷೆಡ್ಯೂಲ್ ಎಚ್ ಔಷಧಕ್ಕೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಕ್ಕೆ, ಬದಲಾಗಿ ಅಂಗಡಿಯವರು ಇನ್ನೊಂದನ್ನು ಕೊಡುವಂತಿಲ್ಲ, ಒಳಗಿರುವ ಔಷಧ ಒಂದೇ ಆಗಿದ್ದರೂ ಸರಿ. 1945ರ ಔಷಧ ನಿಯಮಗಳ 65ನೇ ನಿಯಮ ಹಾಗೆ ಹೇಳುತ್ತದೆ. ಕೌಂಟರ್‌ನಲ್ಲಿ ಎಷ್ಟೋ ಕಡೆ ಬದಲಿಸಿ ಕೊಡುತ್ತಾರೆ, ಅದು ಬೇರೆ ಮಾತು. ವೈದ್ಯರು ಬ್ರ್ಯಾಂಡ್ ಬದಲು ಜನರಿಕ್ ಹೆಸರನ್ನೇ, ಅಂದರೆ ಒಳಗಿರುವ ಔಷಧದ ಹೆಸರನ್ನೇ, ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ವಿರೋಧ ಬಂದ ಮೇಲೆ ಅದೇ ತಿಂಗಳು ತಡೆಹಿಡಿಯಿತು. ಅಂದರೆ ಇವನ ಆ್ಯಪ್ ತೆರೆಯಬೇಕಾದ ಜಾಗ ಮೆಡಿಕಲ್ ಸ್ಟೋರ್ ಅಲ್ಲ, ವೈದ್ಯರ ಮೇಜಿನ ಮುಂದೆ, ಅವರು ಪೆನ್ನು ಮುಚ್ಚುವ ಮೊದಲು. "ಡಾಕ್ಟರೇ, ಇದರಲ್ಲೇ ಕಡಿಮೆ ಬೆಲೆಯದು ಬರೆಯಬಹುದಾ?" ಎಂದು ನಮ್ಮೂರಿನ ಒಬ್ಬ ಅಜ್ಜಿ ಕೇಳುವಂತೆ ಮಾಡುವುದು ಹೇಗೆ? ಕೋಡ್ ಬರೆಯುವುದಕ್ಕಿಂತ ಅದು ಕಷ್ಟ.

ದುಡ್ಡು ಎಲ್ಲಿಂದ ಬರುತ್ತದೆ ಎಂದೂ ಕೇಳಿದೆ. ಕಂಪನಿಗಳು ಜಾಹೀರಾತು ಕೊಡುತ್ತವಂತೆ. ಕೊಡದೆ ಏನು, ಖಂಡಿತ ಕೊಡುತ್ತವೆ. ಪಟ್ಟಿಯ ಮೇಲ್ಗಡೆ ಅವರ ಮಾತ್ರೆಯೇ ಕೂರುತ್ತದೆ. ಆವತ್ತೇ ನಾನು ಆ ಆ್ಯಪ್ ತೆಗೆದುಹಾಕುತ್ತೇನೆ ಎಂದೆ. ಅವನಿಗೆ ಬೇಜಾರಾಯಿತು. ಈಗ ಮಾತಿಲ್ಲದೆ ತಟ್ಟೆ ಇಡ್ಲಿ ತಿನ್ನುತ್ತಿರುವುದನ್ನು ನೀವೇ ನೋಡುತ್ತಿದ್ದೀರಿ. ಹೌದು, ಕ್ಯಾತಸಂದ್ರಕ್ಕೆ ಬಂದಿದ್ದೇವೆ. ಬೆಣ್ಣೆ ಹೆಚ್ಚಾಗಿದೆ, ನನಗೇನೂ ಬೇಸರವಿಲ್ಲ.

ಬ್ಯಾಟರಿ ಕೆಂಪಗಾಯಿತು, ಬೇಗ ಹೇಳುತ್ತೇನೆ. ಮನೆಯಲ್ಲಿ ಬಿಪಿ ಅಥವಾ ಶುಗರ್ ಮಾತ್ರೆಯ ಶೀಟ್ ಇದ್ದರೆ ಔಷಧದ ಹೆಸರು, ಎಷ್ಟು ಮಾತ್ರೆ, ಎಂಆರ್‌ಪಿ ಎಷ್ಟು, ಇಷ್ಟನ್ನು ಬರೆದು ಕಳುಹಿಸಿ. ಇವನಿಗೆ ಪಟ್ಟಿ ಬೇಕಂತೆ. ಚೀಟಿಯ ಫೋಟೊ ಮಾತ್ರ ಯಾರೂ ಹಾಕಬೇಡಿ, ಅದರಲ್ಲಿ ನಿಮ್ಮ ಹೆಸರು, ವಯಸ್ಸು, ಕಾಯಿಲೆ ಎಲ್ಲವೂ ಇರುತ್ತದೆ. ಮತ್ತೆ ಆ ಹದಿನೈದರ ಶೀಟನ್ನು ಕತ್ತರಿಸಿ ಕೊಡುವ ಅಂಗಡಿ ತುಮಕೂರಿನಲ್ಲಿ ಎಲ್ಲಾದರೂ ಇದ್ದರೆ