ಬ್ಯಾಟಿಂಗ್ ತುಂಡಿಗೆ ಮೊದಲು ಬೆಂಕಿ ತೋರಿಸಿ

ನಮಸ್ಕಾರ. ಇವತ್ತು ಸಣ್ಣ ಲೆಕ್ಕದಿಂದ ಶುರು ಮಾಡೋಣ. 60 ಇಂಚು ಅಗಲ, 90 ಇಂಚು ಉದ್ದದ ಕ್ವಿಲ್ಟ್, ಅಂದರೆ ಪದರ ಪದರದ ಹೊದಿಕೆ ಹೊಲಿಯೋಕೆ ಕೂತರೆ, ಎರಡು ಬಟ್ಟೆಯ ನಡುವೆ ಹಾಕೋ ಮೆತ್ತನೆ ನಾರಿನ ಹಾಸನ್ನು, ಅಂದರೆ ಬ್ಯಾಟಿಂಗನ್ನು, ನಾಲ್ಕೂ ಕಡೆ 4 ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸ್ತೀವಿ. ಹೊಲಿಗೆ ಮುಗಿಸಿ ಅಂಚು ಸಮ ಮಾಡಿದಾಗ ಹೆಚ್ಚುಕಡಿಮೆ 9 ಚದರ ಅಡಿ ಉಳಿಯುತ್ತೆ. ಅದೂ ಉದ್ದುದ್ದ ಪಟ್ಟಿಗಳಲ್ಲಿ. ಬ್ಯಾಟಿಂಗ್ ಅಗ್ಗದ ಮಾಲೂ ಅಲ್ಲ, ಹಾಗಾಗಿ ಯಾರಿಗೂ ಬಿಸಾಡೋಕೆ ಮನಸ್ಸು ಬರಲ್ಲ. ಒಂದು ಚೀಲಕ್ಕೆ ತುರುಕಿ ಮಂಚದ ಕೆಳಗೆ ತಳ್ಳಿದರೆ ಅಲ್ಲಿಗೆ ಮುಗೀತು.

ಈ ತುಂಡುಗಳಲ್ಲಿ ಏನು ಮಾಡಬಹುದು ಅಂತ ಹುಡುಕಿದರೆ ಎಲ್ಲರೂ ತೋರಿಸೋದು ಲೋಟದ ಕೆಳಗಿಡೋ ಕೋಸ್ಟರ್. ಆ 9 ಚದರ ಅಡಿಯಲ್ಲಿ ನಾಲ್ಕಿಂಚಿನ ಕೋಸ್ಟರ್ ಎಪ್ಪತ್ತರ ಮೇಲೆ ಆಗುತ್ತೆ. ಅಷ್ಟು ಲೋಟ ಯಾರ ಮನೇಲಿವೆ? ಬೇಡದ ತುಂಡಿಗೆ ಹೊಸ ಬಟ್ಟೆ, ಹೊಸ ದಾರ ಸೇರಿಸಿ ಬೇಡದ ವಸ್ತು ಮಾಡೋದನ್ನ ಉಳಿತಾಯ ಅಂತ ನಾನು ಒಪ್ಪಲ್ಲ. ಬ್ಯಾಟಿಂಗ್ ತುಂಡಿಗೆ ಮೊದಲ ಜಾಗ ಇನ್ನೊಂದು ಕ್ವಿಲ್ಟಿನ ಹೊಟ್ಟೆಯೇ. ಉಳಿದಿದ್ದೆಲ್ಲ ಆಮೇಲೆ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಕೈಲಿರೋ ತುಂಡು ಹತ್ತಿಯದೋ ಪಾಲಿಯೆಸ್ಟರಿಂದೋ ಗೊತ್ತಾಗಬೇಕು. ಮುಟ್ಟಿ ನೋಡಿ ಹೇಳ್ತೀನಿ ಅನ್ನಬೇಡಿ, ಮಿಶ್ರಣ ಇದ್ದರೆ ಬೆರಳು ಮೋಸ ಹೋಗುತ್ತೆ. ಉಗುರಿನಷ್ಟು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತೋರಿಸಿ. ಪಕ್ಕದಲ್ಲಿ ನೀರಿರಲಿ. ಹತ್ತಿ ಆದರೆ ತಕ್ಷಣ ಹತ್ತಿಕೊಂಡು ಕಾಗದ ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಆದರೆ ಉರಿ ತಾಗೋ ಮೊದಲೇ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಗುಂಡಿನ ಹಾಗೆ ಉಳಿಯುತ್ತೆ. ಅದು ಪೂರ್ತಿ ಆರೋವರೆಗೆ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತೆ. ಬೂದಿ, ಗುಂಡು ಎರಡೂ ಸಿಕ್ಕರೆ ಮಿಶ್ರಣ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ. ಗೊತ್ತಾದ ಕೂಡಲೇ ಚೀಟಿ ಬರೆದು ಪಿನ್ ಹಾಕಿ, ಬೇರೆ ಬೇರೆ ಚೀಲಕ್ಕೆ ಹಾಕಿ.

ಇಷ್ಟೆಲ್ಲ ಯಾಕೆ ಅಂದರೆ, ಹತ್ತಿ ಬ್ಯಾಟಿಂಗ್ ಒಗೆದಾಗ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗಬಹುದು. ಪಾಲಿಯೆಸ್ಟರ್ ಕುಗ್ಗೋದೇ ಇಲ್ಲ ಅನ್ನಬಹುದು. ಎರಡನ್ನೂ ಜೋಡಿಸಿ ಹೊಲಿದರೆ ಮೊದಲ ಒಗೆತದಲ್ಲೇ ಕ್ವಿಲ್ಟಿನ ಅರ್ಧ ಸುಕ್ಕು, ಅರ್ಧ ಉಬ್ಬು. ಹಾಗೇ ಪಾಲಿಯೆಸ್ಟರ್ ತುಂಡಿಂದ ಮಾಡಿದ ಮಸಿಬಟ್ಟೆ ನೋಡೋಕೆ ದಪ್ಪ ಇರುತ್ತೆ, ಆದರೆ ಒಲೆಯಿಂದ ಇಳಿಸಿದ ಬಾಣಲೆಯ ಬಿಸಿಗೆ ಒಳಗೊಳಗೇ ಕರಗುತ್ತೆ. ಬಿಸಿ ಪಾತ್ರೆ ಹಿಡಿಯೋಕೆ ಪೂರ್ತಿ ಹತ್ತಿಯ ಎರಡು ಪದರ ಹಾಕಿ, ಮೇಲ್ಬಟ್ಟೆ, ದಾರ ಕೂಡ ಹತ್ತಿಯದೇ ಇರಲಿ. ಒದ್ದೆ ಆದಾಗ ಅದನ್ನೂ ಬಳಸಬೇಡಿ, ನೀರಿನ ಮೂಲಕ ಬಿಸಿ ಸರಾಗ ದಾಟುತ್ತೆ.

ಈಗ ಜೋಡಿಸೋ ಕೆಲಸ. ಒಂದೇ ಜಾತಿ, ಒಂದೇ ದಪ್ಪದ ಎರಡು ತುಂಡು ತಗೊಳ್ಳಿ. ಎರಡರ ಅಂಚನ್ನು ಒಂದೆರಡು ಇಂಚು ಒಂದರ ಮೇಲೊಂದು ಬರೋ ಹಾಗೆ ಹಾಸಿ, ಎರಡೂ ಪದರ ಸೇರಿಸಿ ರೋಟರಿ ಕಟರಲ್ಲಿ (ಉರುಳೋ ದುಂಡು ಬ್ಲೇಡಿನ ಕತ್ತಿ) ಮೆಲ್ಲಗೆ ಅಲೆಯಾಕಾರದಲ್ಲಿ ಕತ್ತರಿಸಿ. ಮೇಲಿಂದ, ಕೆಳಗಿಂದ ಬಿದ್ದ ಚೂರು ತೆಗೆದರೆ ಎರಡು ಅಂಚೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ನೇರ ಗೆರೆಗಿಂತ ಅಲೆ ಒಳ್ಳೇದು. ನೇರ ಜೋಡಣೆ ಇದ್ದಲ್ಲಿ ಕ್ವಿಲ್ಟ್ ಮಡಿಕೆ ಬೀಳುತ್ತೆ, ದಿನ ಕಳೆದಂತೆ ಗೆರೆ ಮೇಲೆ ಕಾಣುತ್ತೆ.

ಆಮೇಲೆ ಅಂಚಿಗೆ ಅಂಚು ತಾಗಿಸಿ ಝಿಗ್‌ಝ್ಯಾಗ್ ಹೊಲಿಗೆ ಹಾಕಿ. ಅಗಲ 5 ಮಿಲಿಮೀಟರ್, ಉದ್ದ ಎರಡೂವರೆ. ಒಂದರ ಮೇಲೊಂದು ಏರಿಸಿ ಹೊಲಿಯಲೇಬೇಡಿ, ಮಲಗಿದಾಗ ಬೆನ್ನಿಗೆ ದಿಬ್ಬ ಸಿಗುತ್ತೆ. ಬಟ್ಟೆ ಎಳೆಯಬೇಡಿ. ಎಳೆದರೆ ಜೋಡಣೆ ಹಿಗ್ಗಿ ನಿರಿಗೆ ಬರುತ್ತೆ, ಒಮ್ಮೆ ಬಂದರೆ ಇಸ್ತ್ರಿಯಿಂದಲೂ ಸರಿ ಹೋಗಲ್ಲ. ಮಷೀನಿನ ಪಾದಕ್ಕೆ ನಾರು ಸಿಕ್ಕಿಕೊಳ್ತಿದ್ದರೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಕೆಲಸ ಮುಗಿದ ಮೇಲೆ ಕೆಳದಾರ ಕೂರೋ ಬಾಬಿನ್ ಕೇಸ್ ಬಿಚ್ಚಿ ನೋಡಿ, ಹತ್ತಿ ಧೂಳು ಗುಪ್ಪೆ ಬಿದ್ದಿರುತ್ತೆ. ಬ್ರಷ್ಷಿಂದ ಗುಡಿಸಿ, ಊದಬೇಡಿ, ಇನ್ನೂ ಒಳಗೆ ಹೋಗುತ್ತೆ. ಮಷೀನ್ ಇಲ್ಲದವರು ಕೈಯಲ್ಲೇ ಸಡಿಲ ಅಡ್ಡ ಟಾಕು ಹಾಕಬಹುದು.

ಹೀಗೆ ತುಂಡು ಸೇರಿಸಿದ ಬ್ಯಾಟಿಂಗಿಗೆ ಕ್ವಿಲ್ಟಿನ ಎಲ್ಲ ಪದರ ಕೂಡಿಸೋ ಮೇಲಿನ ಹೊಲಿಗೆ ಹತ್ತಿರ ಹತ್ತಿರ ಇರಬೇಕು. ಸಾಲಿನ ನಡುವೆ 3 ಇಂಚಿಗಿಂತ ಹೆಚ್ಚು ಬೇಡ. ಇದನ್ನ ಹೊರಗಿನಿಂದ ಕಲಿಯಬೇಕಾಗಿಲ್ಲ, ನಮ್ಮ ಉತ್ತರ ಕರ್ನಾಟಕದ ಕೌದಿ ನೋಡಿದರೆ ಸಾಕು. ಅದರಲ್ಲಿ ಬ್ಯಾಟಿಂಗೇ ಇಲ್ಲ, ಹಳೇ ಸೀರೆ, ಧೋತರದ ಪದರಗಳು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿಯೂ ಹಾಗೇ. ಅಂಚಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರೋ ಆ ಟಾಕಿನ ಸಾಲು ಎಷ್ಟು ಒತ್ತಾಗಿರುತ್ತೆ ಅಂದರೆ, ಒಳಗಿನ ಚಿಂದಿಗೆ ಜಾರೋಕೆ ಜಾಗವೇ ಇರಲ್ಲ.

ಇನ್ನು ಜೋಡಿಸೋಕೆ ಬಾರದ ಸಪೂರ ಪಟ್ಟಿಗಳು. ಇವಕ್ಕೆ ಒಳ್ಳೇ ದಾರಿ ಕಾಲೊರೆಸು. ಎರಡೂವರೆ ಇಂಚಿನ ಬಟ್ಟೆ ಪಟ್ಟಿ, ಅದರ ನಡುವೆ ಎರಡೂಕಾಲು ಇಂಚಿನ ಬ್ಯಾಟಿಂಗ್. ಎರಡೂ ಅಂಚು ಮಧ್ಯಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ ಉದ್ದಕ್ಕೂ ಹೊಲಿಗೆ ಹಾಕಿದರೆ ದಪ್ಪ ಹುರಿ ಸಿಗುತ್ತೆ. 42 ಇಂಚಿನ ಸುಮಾರು 40 ಪಟ್ಟಿ ಬೇಕು. ಬಟ್ಟೆಯನ್ನು ಓರೆಯಾಗಿ ಜೋಡಿಸಿ. ಬ್ಯಾಟಿಂಗ್ ತುದಿಗೆ ತುದಿ ತಾಗಿಸಿದರೆ ಸಾಕು, ಆದರೆ ಎರಡರ ಜೋಡಣೆ ಒಂದೇ ಕಡೆ ಬರದಿರಲಿ. ಬಂದರೆ ಸೂಜಿ ಮುರಿಯಬಹುದು. ಹುರಿಯನ್ನು ಅಂಡಾಕಾರಕ್ಕೆ ಸುತ್ತುತ್ತ ಝಿಗ್‌ಝ್ಯಾಗ್‌ನಲ್ಲಿ ಕೂಡಿಸುತ್ತಾ ಹೋಗಬೇಕು.

ಎಲ್ಲರೂ ಎಡವೋದು ತಿರುವಿನಲ್ಲಿ. ಹೊರಗಿನ ಹುರಿಯನ್ನು ಬಿಗಿ ಹಿಡಿದರೆ ಕಾಲೊರೆಸು ಬೋಗುಣಿ ಆಗುತ್ತೆ. ತೀರಾ ಸಡಿಲ ಬಿಟ್ಟರೆ ಅಂಚು ಅಲೆ ಅಲೆ. ತಿರುವಿನಲ್ಲಿ ಮಾತ್ರ ಸ್ವಲ್ಪ ಸಡಿಲ ಕೊಡಿ, ನೇರ ಭಾಗದಲ್ಲಿ ಇದ್ದ ಹಾಗೇ ಬಿಡಿ, ಎರಡು ಸುತ್ತಿಗೊಮ್ಮೆ ನೆಲದ ಮೇಲೆ ಹಾಸಿ ನೋಡಿ. ಅಂಚು ಮೇಲೆದ್ದಿದ್ದರೆ ಅಲ್ಲೇ ಬಿಚ್ಚಿ. ಮುಂದಿನ ಸುತ್ತು ಸರಿ ಮಾಡುತ್ತೆ ಅಂದುಕೊಂಡರೆ ಇನ್ನೂ ಮೇಲೇಳುತ್ತೆ.

ಆರಿಂಚಿನ ಚೌಕಗಳು ಸಿಕ್ಕರೆ ಮಷೀನ್ ಪಕ್ಕದಲ್ಲಿಡಿ. ಅದೇ ಬಟ್ಟೆ, ಅದೇ ಬ್ಯಾಟಿಂಗ್ ಹಾಕಿ ದಾರದ ಬಿಗಿ ಪರೀಕ್ಷೆ ಮಾಡಿದ ಮೇಲೇ ದೊಡ್ಡ ಕ್ವಿಲ್ಟಿಗೆ ಕೈ ಹಾಕಿ. ಒಂದಿಂಚಿನ ಪಟ್ಟಿ ಕೈಚೀಲದ ಹಿಡಿಗೆ ಸರಿ.

ಕೊನೆಗೆ ಉಳಿಯೋ ಚೂರು. ಗೊಂಬೆಗೋ ಪಿನ್ ಚುಚ್ಚೋ ದಿಂಬಿಗೋ ತುಂಬೋದಾದರೆ ಅರ್ಧ ಇಂಚಿಗಿಂತ ಸಣ್ಣಗೆ ಕತ್ತರಿಸಿ, ಎಳೆ ಬಿಡಿಸಿ ತುಂಬಿ. ಪಟ್ಟಿಯನ್ನೇ ಮುದ್ದೆ ಮಾಡಿ ತುರುಕಿದರೆ ಗಂಟು ಗಂಟಾಗಿ ಕಾಣುತ್ತೆ. ಹಕ್ಕಿ ಗೂಡಿಗೆ ಆಗುತ್ತೆ ಅಂತ ಮರಕ್ಕೆ ನೇತುಹಾಕೋರಿದ್ದಾರೆ, ದಯವಿಟ್ಟು ಬೇಡ. ಪಾಲಿಯೆಸ್ಟರ್ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳೋಕಾಗಲ್ಲ. ಗೊಬ್ಬರದ ಗುಂಡಿಗೂ ಪಾಲಿಯೆಸ್ಟರ್ ಹೋಗಬಾರದು. ಹತ್ತಿಯದ್ದು ಹೋಗಬಹುದು, ಆದರೆ ಕೆಲವು ಹತ್ತಿ ಬ್ಯಾಟಿಂಗಿನ ಒಂದು ಮೈಗೆ ತೆಳು ಪ್ಲಾಸ್ಟಿಕ್ ಜಾಲ ಹೆಣೆದಿರುತ್ತಾರೆ. ತುಂಡನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ: ಸುಲಭಕ್ಕೆ ಹರಿಯದೆ ಬಿಗಿಯಾಗಿ ನಿಂತರೆ ಜಾಲ ಇರೋ ಸಾಧ್ಯತೆ ಹೆಚ್ಚು, ಅದನ್ನು ಗುಂಡಿಗೆ ಹಾಕಬೇಡಿ.