ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

(ಕುಮಟಾ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ, ಬೇಸಿಗೆ ರಜೆಗೆ ಮುನ್ನ 9ನೇ ತರಗತಿಯ ಮಕ್ಕಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳು)

ಮಕ್ಕಳೇ, ಪಾಲಕರೇ, ಗುರುಗಳೇ, ಎಲ್ಲರಿಗೂ ನಮಸ್ಕಾರ.

ಪರೀಕ್ಷೆ ಮುಗಿದಿದೆ. ಇನ್ನು ಮೇ ಕೊನೆಯವರೆಗೆ ನಿಮ್ಮನ್ನು ಯಾರೂ ಇಸವಿ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ. ಬಹಳ ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಅಷ್ಟು ವರ್ಷಗಳಲ್ಲಿ ಒಬ್ಬ ಹುಡುಗಿ ಕೇಳಿದ ಒಂದು ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ. ಅದನ್ನೇ ಮೊದಲು ಹೇಳುತ್ತೇನೆ.

ಒಂದು ದಿನ ಪಾಠದ ನಡುವೆ, 'ನಮ್ಮ ಕುಮಟಾ ಹತ್ತಿ ಒಂದು ಕಾಲಕ್ಕೆ ಮುಂಬೈ ಪೇಟೆಯಲ್ಲಿ ಹೆಸರುವಾಸಿಯಾಗಿತ್ತು' ಎಂದೆ. ಹೆಮ್ಮೆಯಿಂದಲೇ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, 'ಸರ್, ಇಲ್ಲಿ ಹತ್ತಿ ಎಲ್ಲಿ ಬೆಳೀತಿದ್ರು?' ಎಂದಳು. ಅವಳ ಮನೆಯವರದು ಗದ್ದೆ ಕೆಲಸ. ಮಳೆಗಾಲದಲ್ಲಿ ಭತ್ತ, ಆಮೇಲೆ ಶೇಂಗಾ. ಹತ್ತಿ ಗಿಡವನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಅವಳ ಅಜ್ಜನೂ ಕಂಡಿರಲಿಲ್ಲವಂತೆ. ನನ್ನಲ್ಲಿ ಉತ್ತರವಿರಲಿಲ್ಲ. ಹೆಸರಿನಲ್ಲಿ ಕುಮಟಾ ಇದೆ, ಹಾಗಾದರೆ ಇಲ್ಲೇ ಬೆಳೆದಿರಬೇಕು ಎಂದು ನಾನು ಊಹಿಸಿಕೊಂಡಿದ್ದೆ. ಊಹಿಸಿದ್ದೇನೆ ಎನ್ನುವುದೂ ನನಗೆ ತಿಳಿದಿರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಇದು. ಆ ಹತ್ತಿ ಬೆಳೆಯುತ್ತಿದ್ದದ್ದು ಧಾರವಾಡದ ಕಡೆಯ ಎರೆಮಣ್ಣಿನಲ್ಲಿ. ಎತ್ತುಗಳ ಮೇಲೆ, ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಹಡಗೇರಿ ಮುಂಬೈಗೆ ಹೋಗುತ್ತಿತ್ತು. ಯಾವ ಬಂದರಿನಿಂದ ಬಂತೋ ಆ ಬಂದರಿನ ಹೆಸರನ್ನೇ ಪೇಟೆಯವರು ಇಟ್ಟರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತು ಈ ಕಡೆಯ ಹತ್ತಿಗೆ ಬೆಲೆ ಏರಿತು. ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ ಬಿಟ್ಟು ಮುಂಬೈ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂಬ ಆಸೆಯೂ ಅದರ ಹಿಂದಿತ್ತು. ಮುಂದೆ 1880ರ ದಶಕದ ಕೊನೆಗೆ ಘಟ್ಟದ ಕ್ಯಾಸಲ್‌ರಾಕ್ ಮೇಲಿಂದ ಗೋವೆಯ ಮರ್ಮಗೋವೆ ಬಂದರಿಗೆ ರೈಲು ಬಂತು. ಹತ್ತಿ ರೈಲು ಹತ್ತಿತು, ಕುಮಟೆಯ ಬಂದರು ಸೊರಗಿತು. ಕಾರವಾರಕ್ಕೆ ರೈಲು ಬರಲು ಕೊಂಕಣ ರೈಲ್ವೆಯ ತನಕ, ಅಂದರೆ 1990ರ ದಶಕದ ತನಕ, ಕಾಯಬೇಕಾಯಿತು.

ಅಮೆರಿಕದ ಯುದ್ಧಕ್ಕೂ ನಮ್ಮೂರ ಬಂದರಿಗೂ ನಂಟು ಇದ್ದದ್ದು ಒಬ್ಬ ಹುಡುಗಿಯ ಅನುಮಾನದಿಂದ ನನ್ನ ತರಗತಿಗೆ ಗೊತ್ತಾಯಿತು. ಮಾಸ್ತರು ಹೇಳಿದ್ದನ್ನು ಅವಳು ತಾನು ಕಂಡದ್ದರ ಪಕ್ಕ ಇಟ್ಟು ತಾಳೆ ನೋಡಿದಳು, ತಾಳೆಯಾಗಲಿಲ್ಲ, ಕೇಳಿದಳು. ಇತಿಹಾಸಕಾರರು ಮಾಡುವುದೂ ಇದನ್ನೇ.

8ನೇ ತರಗತಿಯಲ್ಲಿ 'ಆಧಾರಗಳು' ಎಂಬ ಪಾಠ ಓದಿದ್ದೀರಿ. ಸಾಹಿತ್ಯ ಆಧಾರ, ಪುರಾತತ್ವ ಆಧಾರ ಎಂದು ವಿಂಗಡಿಸಿ ಬರೆದು ಅಂಕ ತೆಗೆದುಕೊಂಡಿದ್ದೀರಿ. ಆದರೆ ಒಂದೇ ಒಂದು ಆಧಾರವನ್ನು ಕೈಯಲ್ಲಿ ಹಿಡಿದು ನೋಡಿದವರು ಎಷ್ಟು ಜನ? ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಅದಕ್ಕೆ ಪುರುಸೊತ್ತಿಲ್ಲ. ರಜೆಯಲ್ಲಿ ಇದೆ. ಅದಕ್ಕೆ ನಾನು ಕೇಳುವುದು ಒಂದು ನೋಟ್‌ಬುಕ್ ಮಾತ್ರ. ಪುಟದ ಮೇಲೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಕಂಡದ್ದು, ಕೇಳಿದ್ದು, ನನ್ನ ಊಹೆ. ಏನು ಬರೆದರೂ ಇದು ಯಾವ ಭಾಗಕ್ಕೆ ಸೇರಬೇಕು ಎಂದು ಒಂದು ಕ್ಷಣ ನಿಂತು ಯೋಚಿಸಿ. ಓದಿದ್ದು ಕೂಡ 'ಕೇಳಿದ್ದು' ಭಾಗಕ್ಕೇ ಹೋಗಲಿ, ಯಾಕೆಂದರೆ ಪುಸ್ತಕವೂ ಯಾರೋ ಹೇಳಿದ ಮಾತು.

ಒಂದನ್ನು ಈಗಲೇ ಮಾಡಿ ನೋಡೋಣ. ಇಬ್ನ್ ಬತೂತ ಎಂಬ ಪ್ರವಾಸಿಯ ಹೆಸರು ಕೇಳಿದ್ದೀರಿ. ಮೊರಾಕ್ಕೊ ದೇಶದವನು. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಂದಿದ್ದ. ಅವನು ಬರೆಸಿದ ಪುಸ್ತಕದಲ್ಲಿ ಊರಿನ ಹೆಸರು 'ಹಿನೌರ್'. ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎನ್ನುತ್ತಾನೆ. ಏಳುನೂರು ವರ್ಷಗಳ ಹತ್ತಿರ ಆಯಿತು, ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆ! ನನಗೂ ಇದನ್ನು ಮೊದಲ ಸಲ ಓದಿದಾಗ ಮೈ ಜುಂ ಎಂದಿತ್ತು. ಭಾಷಣಗಳಲ್ಲಿ ಈ ಮಾತನ್ನು ಆಗಾಗ ಕೇಳುತ್ತೀರಿ, ಅಲ್ಲಿಗೇ ನಿಲ್ಲಿಸುತ್ತಾರೆ. ನಮ್ಮ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಮೊದಲು, ಹೇಳಿದವನು ಯಾರು? ಅವನು ಕಾಜಿ, ಇಸ್ಲಾಮಿನ ಧರ್ಮಶಾಸ್ತ್ರ ಓದಿದವನು. ದೆಹಲಿಯಲ್ಲಿ ಸುಲ್ತಾನನ ಕೈಕೆಳಗೆ ಕೆಲಸ ಮಾಡಿದವನು. ಹೊನ್ನಾವರದ ಹೆಂಗಸರಿಗೆ ಕುರಾನ್ ಬಾಯಿಪಾಠ ಬರುತ್ತದೆ ಎಂದು ಅದೇ ಜಾಗದಲ್ಲಿ ಮೆಚ್ಚಿ ಹೇಳುತ್ತಾನೆ. ಹಾಗಾದರೆ 'ಶಾಲೆ' ಎಂದರೆ ಏನು? ಗಣಿತ, ವಿಜ್ಞಾನ ಕಲಿಸುವ, ಬೆಲ್ ಹೊಡೆಯುವ ಈ ಕಟ್ಟಡದಂಥದ್ದಲ್ಲ. ಕುರಾನ್ ಕಲಿಸುವ ಜಾಗಗಳಿರಬೇಕು, ಬಹುಶಃ ಮನೆಯ ಜಗಲಿಗಳೂ ಇರಬಹುದು. 'ಇರಬೇಕು', 'ಇರಬಹುದು' ಎಂದೆ, ಗಮನಿಸಿದಿರಾ? ಇವು ಮೂರನೇ ಭಾಗಕ್ಕೆ ಹೋಗಲಿ.

ಇನ್ನು, ಯಾವಾಗ ಹೇಳಿದ? ಇಲ್ಲಿಂದ ಹೋದ ಕೂಡಲೇ ಅಲ್ಲ. ತನ್ನ ದೇಶಕ್ಕೆ ಮರಳಿದ ಮೇಲೆ ಇಬ್ನ್ ಜುಜಯ್ ಎಂಬ ವಿದ್ವಾಂಸನ ಕೈಯಲ್ಲಿ ಬರೆಸಿದ. ಅದು ಮುಗಿದದ್ದು 1355ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಹಳೆಯ ನೆನಪು. ನೀವು 1ನೇ ತರಗತಿಯಲ್ಲಿದ್ದಾಗ ನಿಮ್ಮ ಓಣಿಯಲ್ಲಿ ಎಷ್ಟು ಅಂಗಡಿಗಳಿದ್ದವು, ಈಗ ಹೇಳಿ ನೋಡೋಣ. ಹಾಗೆಂದು ಅವನು ಸುಳ್ಳು ಹೇಳಿದ ಎನ್ನಲು ಬರುವುದಿಲ್ಲ. ಸಂಖ್ಯೆ ಹೆಚ್ಚುಕಡಿಮೆ ಆಗಿರಬಹುದು, ಆದರೆ ಹುಡುಗಿಯರಿಗೆ ಕಲಿಸುವ ಜಾಗಗಳನ್ನು ಕಂಡು ಅವನಿಗೆ ಆಶ್ಚರ್ಯವಾಗಿತ್ತು, ಆ ಆಶ್ಚರ್ಯ ಅಷ್ಟು ವರ್ಷ ಉಳಿದಿತ್ತು. ಇಷ್ಟನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಮತ್ತೆ, ಅವನು ಹೇಳದೇ ಬಿಟ್ಟದ್ದೂ ಇದೆ. ಆಗ ಈ ಊರಿನಲ್ಲಿ ಬದುಕಿದ್ದ ಬೇರೆ ಹೆಣ್ಣುಮಕ್ಕಳು, ಮೀನುಗಾರರ ಮನೆಯವರು, ಗದ್ದೆಯಲ್ಲಿ ದುಡಿಯುವವರು ಎಲ್ಲಿ ಏನು ಕಲಿಯುತ್ತಿದ್ದರು? ಅವನು ಅದನ್ನು ಹೇಳುವುದಿಲ್ಲ. ಒಂದು ಆಧಾರ ಏನು ಹೇಳುವುದಿಲ್ಲ ಎಂದು ಬರೆದಿಡುವುದೂ ನಿಮ್ಮ ಕೆಲಸವೇ.

ಈಗ ಮನೆಯ ಕಡೆ ಬರೋಣ. 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ, ಗೇಣಿಗೆ ಉಳುತ್ತಿದ್ದವರಿಗೇ ಭೂಮಿ ಸಿಗುವಂತೆ ಮಾಡಿ, ಈ ಜಿಲ್ಲೆಯ ಊರೂರನ್ನೂ ಬದಲಿಸಿತು. ಅದಕ್ಕೂ ಬಹಳ ಮೊದಲೇ ದಿನಕರ ದೇಸಾಯಿಯವರು ಇಲ್ಲಿಯ ಗೇಣಿ ರೈತರನ್ನು ಒಟ್ಟುಗೂಡಿಸಿದ್ದರು, ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಗದ್ದೆ ತಮ್ಮ ಹೆಸರಿಗೆ ಆಗಲೆಂದು ಡಿಕ್ಲರೇಶನ್ ಅರ್ಜಿ ಕೊಡಲು ಹೋದ ದಿನ ಮನೆಯಲ್ಲಿ ಯಾರು ಏನೆಂದರು, ಭೂಮಿಯ ಒಡೆಯರ ಮನೆಯ ಜಗಲಿಯಲ್ಲಿ ಅವತ್ತು ಏನು ನಡೆಯಿತು, ಇದು ಪುಸ್ತಕದಲ್ಲಿ ಇಲ್ಲ. ಆಗ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ರಜೆಗೆ ಕೇಳಿದರಾಯಿತು ಎನ್ನಬೇಡಿ.

ಕೇಳುವುದಕ್ಕೂ ಕ್ರಮವಿದೆ. ನಾನು ಇದನ್ನು ತಪ್ಪು ಮಾಡಿ ಕಲಿತೆ. ಹಿಂದೆ ಒಬ್ಬ ಅಜ್ಜನನ್ನು, 'ಗದ್ದೆ ನಿಮ್ಮ ಹೆಸರಿಗೆ ಆದಾಗ ಭಾರೀ ಖುಷಿಯಾಗಿರಬೇಕಲ್ಲ?' ಎಂದು ಕೇಳಿದೆ. ಅವರು 'ಹೌದು' ಎಂದರು. ನಾನೂ ಬರೆದುಕೊಂಡೆ. ಚಹಾ ತಂದ ಅಜ್ಜಿ ಬಾಗಿಲ ಬಳಿ ನಿಂತು, 'ಖುಷಿ ಆಮೇಲೆ ಮಾಸ್ತರೇ. ಆ ವರ್ಷ ಪೂರ್ತಿ ಹೆದರಿಕೆನೇ. ಬೀಜದ ಭತ್ತ ಇನ್ನು ಯಾರು ಕೊಡ್ತಾರೆ ಅಂತ ನಿದ್ದೆ ಬರ್ತಿರಲಿಲ್ಲ' ಎಂದರು. ಉತ್ತರವನ್ನು ನಾನೇ ಪ್ರಶ್ನೆಯೊಳಗೆ ಇಟ್ಟು ಕೇಳಿದ್ದೆ. 'ಆ ವರ್ಷ ಮನೆಯಲ್ಲಿ ಹೇಗಿತ್ತು?' ಎಂದು ಕೇಳಿ ಸುಮ್ಮನಿದ್ದಿದ್ದರೆ ಸಾಕಿತ್ತು. ಒಕ್ಕಲು ಮನೆಯ ಅಜ್ಜಿಯನ್ನು ಕೇಳಿದ ಹಾಗೆ, ಭೂಮಿ ಕಳೆದುಕೊಂಡ ಮನೆಯ ಅಜ್ಜಿಯನ್ನೂ ಕೇಳಿ. ಎರಡೂ ಮನೆಯ ನೆನಪು ಒಂದೇ ಆಗಿರುವುದಿಲ್ಲ. ಯಾರದು ಸರಿ ಎಂದು ತೀರ್ಪು ಕೊಡುವ ಅವಸರ ಬೇಡ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ. 'ಇದನ್ನು ಬರೀಬೇಡ ತಮಾ' ಎಂದರೆ ಬರೆಯಬೇಡಿ.

ಹಿರಿಯರು ಇಸವಿ ಹೇಳುವುದಿಲ್ಲ ಎಂದು ಗೊಣಗುವ ಮಕ್ಕಳಿದ್ದಾರೆ. ಅವರ ಲೆಕ್ಕ ಬೇರೆ. 'ಸಿರಸಿ ಜಾತ್ರೆ ಆದ ಮಳೆಗಾಲ' ಎನ್ನುತ್ತಾರೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹಾಗಾಗಿ ಅರ್ಧದಷ್ಟು ವರ್ಷಗಳು ಅಲ್ಲೇ ಬಿಟ್ಟುಹೋದವು. 'ನಮ್ಮ ಅಪ್ಪಯ್ಯ ಗಾಂಧಿಯನ್ನು ಸಿರಸಿಯಲ್ಲಿ ಕಂಡಿದ್ದರು' ಎಂದರೆ ಅದು 1934. ಅಕ್ಕನ ಮದುವೆ, ಕರು ಹಾಕಿದ್ದು, ನೆರೆ ಬಂದದ್ದು, ಇವನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೀವೇ ಇಸವಿ ಹುಡುಕಿ. ಹಳೆಯ ಪಹಣಿ, ಶಾಲೆಯ ದಾಖಲಾತಿ ಪತ್ರ, ಲಗ್ನಪತ್ರಿಕೆ ಇದ್ದರೆ ತಾಳೆ ನೋಡಿ.

ಘಟ್ಟದ ಮೇಲೆ, ಸಿರಸಿ, ಸಿದ್ದಾಪುರ, ಬನವಾಸಿ ಕಡೆ ಅಜ್ಜನ ಮನೆ ಇರುವವರಿಗೆ ವೀರಗಲ್ಲುಗಳು ಸಿಗುತ್ತವೆ. ಬೆಳಿಗ್ಗೆ ಅಥವಾ ಇಳಿ ಬಿಸಿಲಿನಲ್ಲಿ ನೋಡಿ, ಓರೆ ಬೆಳಕಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ಎಣ್ಣೆ ಸುರಿಯಬೇಡಿ, ಸುಣ್ಣ ಬಳಿಯಬೇಡಿ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಶಕ ವರ್ಷ ಕಂಡರೆ 78 ಕೂಡಿಸಿ, ಇಸವಿ ಸಿಗುತ್ತದೆ. ಮಿರ್ಜಾನ್ ಕೋಟೆಗೆ ಹೋಗುವವರು ಫೋಟೊ ತೆಗೆಯುವ ಮೊದಲು ಅರ್ಧ ಗಂಟೆ ಸುಮ್ಮನೆ ನೋಡಿ 'ಕಂಡದ್ದು' ಭಾಗ ತುಂಬಿಸಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಟ್ಟಿಸಿದಳು ಎನ್ನುವವರಿದ್ದಾರೆ, ಬಿಜಾಪುರದ ಅಧಿಕಾರಿ ಷರೀಫ್-ಉಲ್-ಮುಲ್ಕ್ ಕಟ್ಟಿಸಿದ ಎನ್ನುವವರೂ ಇದ್ದಾರೆ. ಎರಡನ್ನೂ ಎರಡನೇ ಭಾಗದಲ್ಲಿ ಬರೆದು, ಯಾರು ಹೇಳಿದರು ಎಂದೂ ಬರೆಯಿರಿ.

ಪಾಲಕರಲ್ಲಿ ಒಂದು ವಿನಂತಿ. ದಯವಿಟ್ಟು ಮಕ್ಕಳಿಗೆ ನೀವು ಬರೆದುಕೊಡಬೇಡಿ. ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿದ ಪ್ರಾಜೆಕ್ಟುಗಳನ್ನು ನಾನು ರಾಶಿಗಟ್ಟಲೆ ನೋಡಿದ್ದೇನೆ. ಅದರಲ್ಲಿ ಒಂದು ಪ್ರಶ್ನೆಯೂ ಇರುವುದಿಲ್ಲ. ಅಕ್ಷರ ಸೊಟ್ಟ ಇರಲಿ, ಮೂರೇ ಪುಟ ಇರಲಿ. ಮಕ್ಕಳು ಕೇಳಲು ಬಂದಾಗ ಹತ್ತು ನಿಮಿಷ ಕುಳಿತು ಮಾತಾಡಿ, ಕಪಾಟಿನ ಮೇಲಿನ ಹಳೇ ಪೆಟ್ಟಿಗೆ ಇಳಿಸಿಕೊಡಿ. ಅಷ್ಟು ಸಾಕು.

ಜೂನ್ ಮೊದಲ ವಾರ ನಾನು ಇದೇ ಕೋಣೆಗೆ ಬರುತ್ತೇನೆ, ಮುಖ್ಯಗುರುಗಳು ಒಪ್ಪಿದ್ದಾರೆ. ನೋಟ್‌ಬುಕ್ ತನ್ನಿ. ಮೂರನೇ ಭಾಗದಲ್ಲಿ ಬರೆದ ಊಹೆಯನ್ನು ಯಾರಾದರೂ ಆಮೇಲೆ ಹೊಡೆದುಹಾಕಿದ್ದರೆ, ಆ ಪುಟವನ್ನು ಮೊದಲು ಓದೋಣ.